ಬಡಪಾಯಿ ಎರಡಕ್ಕೂ ಸೂಜಿ ಗುರುತು

ಆ ಬೆಳಿಗ್ಗೆ ಬೀದಿಯ ತುಂಬ ಮಂಜು. ಎದುರು ಸಾಲಿನ ಅಂಗಡಿಗಳು ಹಾಲಿನ ಬಟ್ಟಲಿಗೆ ಬಿದ್ದ ಬ್ರೆಡ್ಡಿನ ಚೂರುಗಳ ಹಾಗೆ ಅರ್ಧ ಕಂಡು ಅರ್ಧ ಕರಗಿದ್ದವು. ಸೃಷ್ಟಿ ಮಾಡಿದವನು ಯಾವುದನ್ನು ಇಡಲಿ, ಯಾವುದನ್ನು ಅಳಿಸಲಿ ಎಂದು ಇನ್ನೂ ಯೋಚಿಸುತ್ತ ಕೂತಿದ್ದಾನೇನೋ ಅನ್ನಿಸುವಂಥ ಬೆಳಗು.

ಬೇಕರಿಯ ಹಿಂದಿನ ಕೋಣೆ ಮಾತ್ರ ಬೆಚ್ಚಗಿತ್ತು. ವಾರದ ರಜೆಯಾದರೂ ಒಲೆಯ ಗೋಡೆ ನಿನ್ನೆಯ ಕಾವನ್ನು ಇನ್ನೂ ಬಿಟ್ಟಿರಲಿಲ್ಲ. ಆ ಗೋಡೆಗೆ ಬೆನ್ನು ಕೊಟ್ಟು ಕೂತ ದಫೇದಾರಮ್ಮ ಕೈಯಲ್ಲಿದ್ದ ಎರಡು ಇಸ್ಪೀಟು ಎಲೆಗಳನ್ನು ದಿಟ್ಟಿಸಿ ನೋಡುತ್ತಿದ್ದಳು, ಠಾಣೆಯಲ್ಲಿ ಕಳ್ಳರನ್ನು ನೋಡುತ್ತಿದ್ದ ಹಾಗೇ.

"ಅಕ್ಕ, ಎಲೇನ ಎದೆಗೆ ಒತ್ಕೊಳ್ಳಿ," ಎಂದ ಬೇಕರಿಯವನು, ತಟ್ಟೆಗೆ ಅಂಟಿದ ಸುಟ್ಟ ಹಿಟ್ಟನ್ನು ಕೆರೆಯುತ್ತ. "ಪೇಪರ್ ಓದೋ ಹಾಗೆ ಹಿಡಿದ್ರೆ ಪಕ್ಕದವರೂ ಓದ್ಕೋತಾರೆ."

"ಓದ್ಕೊಳ್ಳಲಿ ಬಿಡಪ್ಪ. ನನಗೇ ಅರ್ಥ ಆಗದ್ದು ಅವರಿಗೇನು ಅರ್ಥ ಆಗುತ್ತೆ?"

ಎದುರಿಗೆ ಕೂತಿದ್ದ ಗಡಿಯಾರದಣ್ಣ ಮೆಲ್ಲಗೆ ನಕ್ಕರು. ಊರಿನ ಗೋಡೆ ಗಡಿಯಾರ, ಕೈಗಡಿಯಾರಗಳಿಗೆಲ್ಲ ಉಸಿರು ತುಂಬಿ ಕಳಿಸುವವರು ಅವರು. ಬಿಳಿ ಗಡ್ಡ, ಹಿಡಿದದ್ದನ್ನು ನಡುಗಿಸದ ಕೈ, ಆಡಿದ ಮಾತನ್ನು ತೂಗಿ ಇಡುವ ನಾಲಗೆ. ಪೋಕರ್ ಕಲಿಸಿಕೊಡಿ ಎಂದು ದಫೇದಾರಮ್ಮ ಕೇಳಿದಾಗ ಅವರು ಯಾಕೆ ಎಂದು ಕೇಳಿರಲಿಲ್ಲ. ಯಾಕೆ ಎನ್ನುವುದು ಇಡೀ ಬೀದಿಗೆ ಗೊತ್ತಿತ್ತು.

ಹೋದ ವಾರ ಇದೇ ಮೇಜಿನ ಮುಂದೆ ಬೇಕರಿಯವನು ಎಲೆಗಳನ್ನು ದೀಪಕ್ಕೆ ಹಿಡಿದು, ಮೂಲೆಗಳಲ್ಲಿ ಸೂಜಿ ಚುಚ್ಚಿದ ಗುರುತು ತೋರಿಸಿದ್ದ. "ನಮ್ಮಲ್ಲಿ ಸೂಜಿ ಹಿಡಿಯೋನು ಒಬ್ಬನೇ" ಎಂದು ದರ್ಜಿಯನ್ನು ಆಟದ ನಡುವೆಯೇ ಎಬ್ಬಿಸಿ ಕಳಿಸಿದ್ದ. ಆ ದರ್ಜಿ ದಫೇದಾರಮ್ಮನ ಒಡಹುಟ್ಟಿದ ತಮ್ಮ. ಬೇಕರಿಯವನಿಗೆ ಸ್ವಂತ ತಂಗಿಯ ಗಂಡ.

ಮಾತು ಬಾಯಿಂದ ಬಾಯಿಗೆ ಹೋದದ್ದೇ ಹೊಲಿಯಲು ಕೊಟ್ಟ ಬಟ್ಟೆಗಳು ಒಂದೊಂದಾಗಿ ಅಂಗಡಿಯಿಂದ ಹಿಂದಕ್ಕೆ ಹೋದವು. "ಎಲೆಗೆ ಸೂಜಿ ಹಾಕ್ದೋನು ಬಟ್ಟೇಲಿ ಕತ್ತರಿ ಆಡಿಸ್ದೆ ಇರ್ತಾನಾ?" ಎಂದರು ಜನ. ತಂಗಿ ಅಣ್ಣನ ಕೂಡ ಮಾತು ಬಿಟ್ಟಿದ್ದಳು. ಅವಳ ಮನೆಗೆ ಬ್ರೆಡ್ಡು ಬೇರೆ ಬೇಕರಿಯಿಂದ ಬರುತ್ತಿತ್ತು. ಅದು ಗಟ್ಟಿ, ಹುಳಿ ಎಂದು ಬೈಯುತ್ತಲೇ ತಿನ್ನುತ್ತಿದ್ದಳು, ಆದರೆ ಅಣ್ಣನ ಬಾಗಿಲು ತುಳಿದಿರಲಿಲ್ಲ.

ದಫೇದಾರಮ್ಮ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿ ನೋಡಿದಳು. ಎದುರು ಅಂಗಡಿಯಲ್ಲಿ ತಮ್ಮ ಮಸುಕಾಗಿ ಕಂಡ. ಹೊಲಿಗೆ ಯಂತ್ರದ ಮುಂದೆ ಬರಿಗೈಯಲ್ಲಿ ಕೂತಿದ್ದ. ಕಳ್ಳತನದ ಆರೋಪ ಹೊತ್ತ ಎಷ್ಟೋ ಜನರನ್ನು ಅವಳು ನೋಡಿದ್ದಳು. ತನ್ನ ಬೆನ್ನಿಗೆ ಬಿದ್ದ ತಮ್ಮನನ್ನೇ ಹೀಗೆ ಗಾಜಿನಾಚೆ ನೋಡಿದ್ದು ಇದೇ ಮೊದಲು. ಅವನು ತಪ್ಪು ಮಾಡಿಲ್ಲ ಎಂದು ಅವಳ ಕರುಳು ಹೇಳುತ್ತಿತ್ತು. ಆದರೆ ಕರುಳಿನ ಮಾತಿಗೆ ಸಾಕ್ಷಿಯ ಬೆಲೆ ಇಲ್ಲ ಎಂದು ಬದುಕಿನುದ್ದಕ್ಕೂ ಬೇರೆಯವರಿಗೆ ಹೇಳಿ ಬಂದವಳೂ ಅವಳೇ.

"ಸರಿ, ಇನ್ನೊಮ್ಮೆ ಹೇಳಿ ಅಣ್ಣಾ," ಎಂದಳು. "ಯಾವುದು ದೊಡ್ಡದು, ಯಾವುದು ಸಣ್ಣದು?"

"ಎಲೆಗಳಲ್ಲಿ ಎಕ್ಕ ದೊಡ್ಡದು ತಾಯಿ. ಆಮೇಲೆ ರಾಜ, ರಾಣಿ, ಗುಲಾಮ. ಹಾಗೇ ಇಳೀತಾ ಇಳೀತಾ ಎರಡಕ್ಕೆ ಬಂದು ನಿಲ್ಲುತ್ತೆ. ಎರಡು ಬಡಪಾಯಿ. ಅದು ಕೈಗೆ ಬಂದ್ರೆ ಯಾರೂ ನಗಲ್ಲ."

"ಕೈಯಲ್ಲಿ ಎರಡೇ ಎಲೆ. ಇದರಲ್ಲಿ ಏನು ಗೆಲ್ಲೋದು?"

"ಆ ಎರಡು ನಿಮ್ಮ ಗುಟ್ಟು. ನಡುವೆ ಐದು ಎಲೆ ಎಲ್ಲರಿಗೂ ಕಾಣೋ ಹಾಗೆ ಬೀಳುತ್ತೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ನಿಮ್ಮ ಗುಟ್ಟು, ಊರಿನ ಸೊತ್ತು, ಎರಡೂ ಸೇರಿಸಿ ಒಳ್ಳೆ ಐದು ಎಲೆ ಆರಿಸ್ಕೋಬೇಕು."

"ಒಳ್ಳೆ ಐದು ಅಂದ್ರೆ?"

"ಒಂದೇ ಥರದ್ದು ಎರಡಿದ್ರೆ ಜೋಡಿ," ಎಂದು ಬೇಕರಿಯವನು ನಡುವೆ ಬಾಯಿ ಹಾಕಿದ. "ಗಂಡ ಹೆಂಡತಿ ಅಂದ್ಕೊಳ್ಳಿ. ಮೂರಿದ್ರೆ ಜೋಡಿಗಿಂತ ಮೇಲು. ಐದೂ ಒಂದರ ಹಿಂದೆ ಒಂದು ಮೆಟ್ಟಿಲ ಹಾಗೆ ಬಂದ್ರೆ ಸಾಲು. ಐದೂ ಒಂದೇ ಜಾತಿ, ಎಲ್ಲಾ ಆಟೀನೋ ಎಲ್ಲಾ ಇಸ್ಪೀಟೋ ಆದ್ರೆ ಅದು ಸಾಲಿಗಿಂತ ದೊಡ್ಡದು. ಮೂರು ಒಂದು ಥರ, ಎರಡು ಇನ್ನೊಂದು ಥರ ಬಂತೋ, ತುಂಬಿದ ಮನೆ."

"ಗಂಡ ಹೆಂಡತಿ, ಮೂರು ಮಕ್ಕಳು."

"ಹಾಂ! ಅಕ್ಕನಿಗೆ ಬಂತು ನೋಡಿ."

"ಮಕ್ಕಳು ಮೂರೂ ಒಂದೇ ಥರ ಇರೋ ಮನೆ ನಾನು ಕಂಡಿಲ್ಲಪ್ಪ. ಅದಕ್ಕೇ ಅದು ಅಷ್ಟು ಅಪರೂಪ ಇರ್ಬೇಕು."

ಮೂವರೂ ನಕ್ಕರು. ಹಾಗೆ ನೋಡಿದರೆ ಆ ಕೋಣೆಯಲ್ಲಿ ನಗುವುದು ಕಷ್ಟವೇನಲ್ಲ. ಇಲ್ಲಿ ಎಂದೂ ಹಣ ಇಟ್ಟು ಆಡಿದವರಲ್ಲ. ಪಣಕ್ಕೆ ಇಡುತ್ತಿದ್ದದ್ದು ದರ್ಜಿಯ ಅಂಗಡಿಯ ಒಂಟಿ ಗುಂಡಿಗಳನ್ನು. ಕೋಟಿನದು, ಅಂಗಿಯದು, ಯಾವುದೋ ಮಗುವಿನ ಕುಲಾವಿಯದು. ಗೆದ್ದವನು ಹೊಟ್ಟೆ ತುಂಬ ಹೆಮ್ಮೆಪಟ್ಟು, ಏಳುವಾಗ ಎಲ್ಲವನ್ನೂ ಡಬ್ಬಿಗೆ ಸುರಿದು ಹೋಗುತ್ತಿದ್ದ. ಇಷ್ಟಕ್ಕೆ ಮೋಸ ಯಾಕೆ ಬೇಕಿತ್ತು? ಆ ಪ್ರಶ್ನೆ ಅವಳ ಮನಸ್ಸಿನಲ್ಲಿ ಮೊದಲ ದಿನದಿಂದ ಮುಳ್ಳಿನ ಹಾಗೆ ಇತ್ತು.

"ನೀವೇ ಹಂಚಿ ತಾಯಿ," ಎಂದರು ಗಡಿಯಾರದಣ್ಣ. "ನನ್ನ ಕೈ ಯಾಕೋ ನೋಯುತ್ತೆ."

"ಅವರು ಹಂಚೋದು ಬಿಟ್ಟು ಎಷ್ಟೋ ಕಾಲ ಆಯ್ತು," ಎಂದ ಬೇಕರಿಯವನು. "ನಾನು, ಭಾವ, ಇಬ್ಬರೇ ಸರದಿ ಮೇಲೆ ಹಂಚ್ತಿದ್ವಿ. ನಡುವೆ ಇಡೋ ಎಲೆ ಹೆಸರು ಕೂಗಿ ಇಡಿ ಅಕ್ಕ. ನಮ್ಮ ಮೇಜಿನ ಕ್ರಮ ಅದು."

"ಬೇರೆ ಮೇಜಲ್ಲಿ ಕೂಗಲ್ವಾ?"

"ನಾನು ಕಂಡಿಲ್ಲ. ಕೂಗಿದ್ರೆ ಆಟಕ್ಕೊಂದು ಗಾಂಭೀರ್ಯ ಇರುತ್ತೆ ಅಂತ ಗಡಿಯಾರದಣ್ಣ ಶುರು ಮಾಡಿದ್ದು. ನಮಗೂ ರೂಢಿ ಆಯ್ತು."

ದಫೇದಾರಮ್ಮ ಎಲೆ ಕಲೆಸಿದಳು. ಕಟ್ಟು ಅದೇ, ಸೂಜಿ ಗುರುತಿನದು. ಅದರಲ್ಲೇ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಳು. ಬೇಕರಿಯವನು ಕೈ ತೊಳೆದು ಬಂದು ಕೂತ. ಹಂಚಿದಳು. ಗಡಿಯಾರದಣ್ಣ ತಮ್ಮ ಎಲೆಗಳನ್ನು ಎತ್ತಿ, ಎರಡೂ ಹೆಬ್ಬೆರಳುಗಳಿಂದ ಮೂಲೆ ಸವರಿ, ಮಡಿಲಿಗೆ ಇಳಿಸಿದರು. ಹಾಗೆ ಸವರುವಾಗ ಅವರ ಕಣ್ಣು ಕಿಟಕಿಯ ಕಡೆಗಿತ್ತು.

"ಇವತ್ತು ಮಂಜು ಬಿಡೋ ಹಾಗಿಲ್ಲ ನೋಡಿ," ಎಂದರು ಅವರು.

ದಫೇದಾರಮ್ಮ ತಿರುಗಿ ನೋಡಿದಳು. ಮಂಜು ಆಗಲೇ ಹರಿದು ಹೋಗಿತ್ತು. ಕಿಟಕಿಯಿಂದ ಬಂದ ಎಳೆ ಬಿಸಿಲು ಮೇಜಿನ ಮೇಲೆ ಚೌಕಾಕಾರದಲ್ಲಿ ಬಿದ್ದು, ಗಡಿಯಾರದಣ್ಣನ ಬಿಳಿ ಗಡ್ಡದ ತುದಿಯನ್ನು ಮುಟ್ಟುತ್ತಿತ್ತು. ಎದುರು ಅಂಗಡಿಯಲ್ಲಿ ತಮ್ಮನ ಅಂಗಿಯ ಗೆರೆಗಳೂ ಕಾಣುತ್ತಿದ್ದವು.

ಅವಳು ಮೇಜಿನತ್ತ ತಿರುಗಿದಳು. ತನ್ನ ಎರಡು ಎಲೆಗಳನ್ನು ಸುಮ್ಮನೆ ಆ ಬಿಸಿಲಿಗೆ ಹಿಡಿದಳು. ಒಂದು ರಾಜ. ಮೂಲೆಯಲ್ಲಿ ಸಣ್ಣ ಸಣ್ಣ ತೂತು, ಇರುಳಿನ ಚುಕ್ಕಿಗಳ ಹಾಗೆ. ಇನ್ನೊಂದು ಕ್ಲಾವರ್ ಎರಡು. ಅದರ ಮೂಲೆಯಲ್ಲೂ ಚುಕ್ಕಿ.

"ಏನಪ್ಪ," ಎಂದು ಬೇಕರಿಯವನನ್ನು ಕೇಳಿದಳು, "ಮೋಸ ಮಾಡೋನು ಯಾವ ಎಲೆಗೆ ಗುರುತು ಹಾಕ್ತಾನೆ?"

"ಎಕ್ಕಕ್ಕೆ. ರಾಜನಿಗೆ. ಹೆಚ್ಚಂದ್ರೆ ರಾಣಿಗೆ. ದೊಡ್ಡ ಎಲೆ ಯಾರ ಕೈಗೆ ಹೋಯ್ತು ಅಂತ ಗೊತ್ತಾದ್ರೆ ಸಾಕಲ್ಲ."

"ಈ ಬಡಪಾಯಿ ಎರಡಕ್ಕೆ?"

"ಅದಕ್ಯಾಕೆ ಹಾಕ್ತಾನೆ? ಅದು ಯಾರ ಕೈಲಿದ್ದರೇನು?"

"ಹಾಕಿದಾನೆ, ನೋಡು."

ಬೇಕರಿಯವನು ಎಲೆ ಇಸಿದುಕೊಂಡು ನೋಡಿದ. ಕಟ್ಟಿನಲ್ಲಿ ಉಳಿದದ್ದನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದ. ಮೂರು, ಐದು, ಎಂಟು, ಯಾವುದೂ ಬಿಟ್ಟಿರಲಿಲ್ಲ. ಹೋದ ವಾರ ನಾಲ್ಕೈದು ಎಲೆ ನೋಡಿದ್ದೇ ಸಿಟ್ಟು ನೆತ್ತಿಗೇರಿ ಭಾವನನ್ನು ಎಬ್ಬಿಸಿದ್ದನೇ ಹೊರತು, ಎರಡು, ಮೂರರ ಕಡೆ ತಿರುಗಿಯೂ ನೋಡಿರಲಿಲ್ಲ. ಆಟ ಬಲ್ಲವರು ಸಣ್ಣ ಎಲೆಗೆ ಬೆಲೆ ಕೊಡುವುದಿಲ್ಲ. ಆ ತಪ್ಪು ಬಲ್ಲವರಿಗೇ ಮೀಸಲು.

"ಅಲ್ಲ, ಇದೇನಕ್ಕ ಇದು? ಎಲ್ಲದಕ್ಕೂ ಹಾಕಿದಾನೆ. ಹುಚ್ಚಾ ಅವನಿಗೆ?"

ಗಡಿಯಾರದಣ್ಣ ಕಿವಿಗೊಟ್ಟು ಕೂತಿದ್ದರು. ಅವರ ಕೈ ಮಡಿಲಿನಲ್ಲಿ ನಿಶ್ಚಲವಾಗಿತ್ತು.

"ಇರಲಿ, ಆಟ ಮುಗಿಸೋಣ," ಎಂದು ದಫೇದಾರಮ್ಮ ಎಲೆಗಳನ್ನೆಲ್ಲ ಕೂಡಿಸಿ, ಕಲೆಸಿ, ಮತ್ತೆ ಹಂಚಿದಳು. "ಅಣ್ಣಾ, ಆ ಬ್ಲಫ್ ಅಂತಾರಲ್ಲ, ಅದೊಂದು ಹೇಳ್ಕೊಡಿ. ಸುಳ್ಳು ಹೇಳೋದೇ ಅಲ್ವಾ ಅದು? ನನಗೆ ಅದು ಒಗ್ಗಲ್ಲ."

"ಬಾಯಲ್ಲಿ ಸುಳ್ಳು ಹೇಳೋದು ಬೇಡ ತಾಯಿ. ಎಲೆ ಚೆನ್ನಾಗಿಲ್ಲದಿದ್ರೂ ಗುಂಡೀನ ಧೈರ್ಯವಾಗಿ ಮುಂದೆ ತಳ್ಳೋದು. ಎದುರಿನವನು ಹೆದರಿ ಎಲೆ ಮುಚ್ಚಿದ್ರೆ ನೀವು ಗೆದ್ರಿ. ಹೆದರದೆ ಅಷ್ಟೇ ಗುಂಡಿ ಇಟ್ರೆ, ನಿಮ್ಮ ಬಂಡವಾಳ ಬಯಲು."

ಅವಳು ನಡುವೆ ಮೂರು ಎಲೆ ಇಟ್ಟು ಕೂಗಿದಳು. "ಡೈಮನ್ ಏಳು. ಇಸ್ಪೀಟ್ ಒಂಬತ್ತು. ಆಟೀನ್ ನಾಲ್ಕು." ಎಲ್ಲರೂ ಒಂದೊಂದು ಗುಂಡಿ ಮುಂದಿಟ್ಟರು.

ನಾಲ್ಕನೆಯ ಎಲೆ ತೆಗೆದಳು. ಕ್ಲಾವರ್ ಮೂರು. ಬಿಸಿಲಿನ ಚೌಕದ ನಟ್ಟನಡುವೆ, ಗಡಿಯಾರದಣ್ಣನ ಮೂಗಿನ ಕೆಳಗೆ, ಮುಖ ಮೇಲೆ ಮಾಡಿ ಇಟ್ಟಳು. 'ದೇವರೇ, ಇದೊಂದು ಸುಳ್ಳನ್ನು ನನ್ನ ತಮ್ಮನ ಪಾಲಿಗೆ ಪುಣ್ಯ ಮಾಡು' ಎಂದು ಒಳಗೇ ಬೇಡಿಕೊಂಡು, ಗಟ್ಟಿಯಾಗಿ ಕೂಗಿದಳು.

"ಆಟೀನ್ ರಾಣಿ!"

ಬೇಕರಿಯವನು ಬಾಯಿ ತೆರೆದ. ಅವಳ ಅಂಗೈ ಅವನ ಮುಖದ ಮುಂದೆ ಎದ್ದಿತು. ತೆರೆದ ಬಾಯಿ ತೆರೆದ ಹಾಗೇ ಉಳಿಯಿತು.

ಗಡಿಯಾರದಣ್ಣ ಎಲೆಯ ಕಡೆಗೇ ಮುಖ ಬಾಗಿಸಿ, ತಲೆದೂಗಿದರು. "ರಾಣಿ ಬಂದಳಾ? ಒಳ್ಳೇದಾಯ್ತು." ಎರಡು ಗುಂಡಿಗಳನ್ನು ಮುಂದೆ ತಳ್ಳಿದರು.

ಬೇರೆ ಯಾರ ಗುಂಡಿಯೂ ಮುಂದೆ ಬರಲಿಲ್ಲ. ಒಲೆಯ ಗೋಡೆಯ ಇಟ್ಟಿಗೆಯೊಂದು ಆರುತ್ತ ಟಿಕ್ ಎಂದಿತು. ಆ ಮೌನ ಅವರಿಗೆ ಎಲ್ಲವನ್ನೂ ಹೇಳಿತು. ಗಡಿಯಾರ ನಿಂತದ್ದನ್ನು ದೂರದಿಂದಲೇ ಕೇಳಿಸಿಕೊಳ್ಳುವವರು ಅವರು.

"ಅದು ರಾಣಿ ಅಲ್ಲ, ಅಲ್ವಾ ತಾಯಿ?"

"ಅಲ್ಲ ಅಣ್ಣಾ. ಕ್ಲಾವರ್ ಮೂರು."

"ಒಳ್ಳೆ ಬ್ಲಫ್. ಬೇಗ ಕಲಿತ್ರಿ."

"ಯಾವಾಗಿಂದ ಕಾಣ್ತಿಲ್ಲ?"

ಅವರು ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲಿಟ್ಟು, ಕಣ್ಣುಜ್ಜಿಕೊಂಡರು. "ಹೋದ ಮಳೆಗಾಲದಿಂದ. ಮೊದಮೊದಲು ಗಾಜಿಗೆ ಹಬೆ ಹಿಡಿದ ಹಾಗೆ. ಈಗ ನೀವಿಬ್ಬರೂ ನನಗೆ ಎರಡು ನೆರಳು. ದಾರಿ ಕಾಲಿಗೆ ಗೊತ್ತು, ಗಡಿಯಾರ ಬೆರಳಿಗೆ ಗೊತ್ತು. ಎಲೆ ಮಾತ್ರ ಗೊತ್ತಾಗ್ತಿರಲಿಲ್ಲ. ಅದಕ್ಕೆ..."

"ನೀವೇ ಚುಚ್ಚಿದ್ದು."

"ಪೂರ್ತಿ ಮಸುಕಾಗೋ ಮೊದಲೇ ಕಟ್ಟು ಮನೆಗೆ ಒಯ್ದು, ಒಂದೊಂದಕ್ಕೂ ಒಂದೊಂದು ಥರ. ಇಲ್ಲಿ ಬಂದು ಕೂರೋದು ತಪ್ಪಿಹೋಗುತ್ತಲ್ಲ ಅಂತ ಚುಚ್ಚಿದೆ. ನನ್ನ ಕೈಗೆ ಬಂದ ಎಲೆ ಓದ್ಕೊಳ್ಳೋಕೆ, ಅಷ್ಟೇ. ಹಂಚೋಕೆ ಕೂತ್ರೆ ನಿಮ್ಮ ಎಲೆನೂ ಬೆರಳಿಗೆ ತಿಳಿದುಹೋಗುತ್ತೆ. ಅದು ದ್ರೋಹ. ಅದಕ್ಕೇ ಹಂಚೋದು ಬಿಟ್ಟೆ."

ಬೇಕರಿಯವನಿಗೆ ಈಗ ಸ್ವರ ಬಂತು. "ಅಲ್ಲ ಅಣ್ಣಾ, ಹೋದ ವಾರ ಭಾವನ್ನ ನಾನು ಅಷ್ಟೊಂದು ಬೈದೆ. ನೀವು ಇಲ್ಲೇ ಕೂತಿದ್ರಿ!"

"ಕೂತಿದ್ದೆ." ಗಡಿಯಾರದಣ್ಣನ ದನಿ ತಗ್ಗಿತು. "ಕಣ್ಣಿಲ್ಲದವನ ಹತ್ತಿರ ಗಡಿಯಾರ ಯಾರು ತರ್ತಾರೆ ಅಂತ ಹೆದರಿದೆ. ಅವನ ಅಂಗಡಿ ಮೆಟ್ಟಿಲ ತನಕ ದಿನಾ ಹೋದೆ. ಯಂತ್ರದ ಸದ್ದು ಕೇಳ್ತಿರಲಿಲ್ಲ. ಆ ಸದ್ದಿಲ್ಲದ ಅಂಗಡಿ ಹತ್ತದೆ ದಿನಾ ತಿರುಗಿ ಬಂದೆ. ನನ್ನ ಅನ್ನ ಉಳಿಸ್ಕೊಳ್ಳೋಕೆ ಅವನ ಅನ್ನ ಕಳೆದೆ ತಾಯಿ."

ದಫೇದಾರಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದ ಹಾಗೆ ಹಗುರಾಗಿತ್ತು. ತಮ್ಮ ಕಳ್ಳನಲ್ಲ. ಇನ್ನು ಬೀದಿಯೇ ಬಂದು ಕೇಳಲಿ, ಎದೆ ಸೆಟೆಸಿ ಹೇಳಬಹುದು. ಮೇಲಿರುವವನು ಒಬ್ಬರ ಕಣ್ಣಿನ ಬೆಳಕನ್ನು ಬೆರಳಿಗೆ ಇಳಿಸಿ ಕೊಟ್ಟಿದ್ದಾನೆ, ಆ ಬೆರಳು ಮಾಡಿದ ಗುರುತನ್ನು ಕಣ್ಣಿದ್ದವರು ಓದಲಾರದೆ ಹೋದರು. ಇದರಲ್ಲಿ ಯಾರನ್ನು ಬೈಯುವುದು?

"ಗಡಿಯಾರ ಕಿವಿಯಲ್ಲಿ ಕೇಳಿ ರಿಪೇರಿ ಮಾಡೋರು ಅಂತ ಗೊತ್ತಾದ್ರೆ ಜನ ಇನ್ನೂ ಹೆಚ್ಚೇ ತರ್ತಾರೆ ಬಿಡಿ," ಎಂದಳು. "ಆದ್ರೆ ನನ್ನ ತಮ್ಮನಿಗೆ ನಿಮ್ಮ ಬಾಯಿಂದಲೇ ಹೇಳ್ಬೇಕು."

"ಹೇಳ್ತೀನಿ. ಇವತ್ತೇ, ಈಗಲೇ."

"ಹೋಗಪ್ಪ," ಎಂದಳು ಬೇಕರಿಯವನಿಗೆ. "ಎಬ್ಬಿಸಿ ಕಳಿಸಿದೋನು ನೀನು. ನೀನೇ ಕರ್ಕೊಂಡು ಬಾ."

"ಬರ್ತಾನಾ ಅಕ್ಕ?"

"ಬರದಿದ್ರೆ ನಿನ್ನ ತಂಗಿ ಅಲ್ಲೇ ಒಳಗಿದ್ದಾಳೆ. ಅವಳ ಕೈಗೆ ಸಿಕ್ಕಿ ನಾಲ್ಕು ಬೈಗುಳ ತಿಂದು ಬಾ. ಹೊಟ್ಟೆ ತಣ್ಣಗಾಗುತ್ತೆ, ಅವಳದ್ದೂ ನಿನ್ನದೂ."

ಅವನು ಹಿಟ್ಟು ಮೆತ್ತಿದ ಏಪ್ರನ್ ಬಿಚ್ಚುವುದನ್ನೂ ಮರೆತು ಬೀದಿ ದಾಟಿದ. ಕಿಟಕಿಯಲ್ಲಿ ಅವಳಿಗೆ ಎಲ್ಲ ಕಂಡಿತು. ಬೇಕರಿಯವನು ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಂತದ್ದು, ತಂಗಿ ಹೊರಗೆ ಬಂದು ಬೆರಳೆತ್ತಿ ಬೈದದ್ದು, ಬೈಯುತ್ತ ಬೈಯುತ್ತಲೇ ಅಣ್ಣನ ಹೆಗಲ ಮೇಲಿನ ಹಿಟ್ಟು ಕೊಡವಿದ್ದು.

"ಅವರು ಬರೋದರೊಳಗೆ ಹೇಗೆ ಓದ್ತೀರಿ ತೋರಿಸಿ ಅಣ್ಣಾ," ಎಂದು ಅವಳು ಇಡೀ ಕಟ್ಟನ್ನು ಕೂಡಿಸಿ ಅವರ ಕೈಗಿಟ್ಟಳು.

ಗಡಿಯಾರದಣ್ಣ ಬಹಳ ಕಾಲದ ಮೇಲೆ ಮಗುವನ್ನು ಎತ್ತಿಕೊಂಡವರ ಹಾಗೆ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದರು. "ಇಸ್ಪೀಟ್ ಐದು," ಎಂದು ಒಂದನ್ನು ಇಟ್ಟರು. "ಡೈಮನ್ ಗುಲಾಮ. ಕ್ಲಾವರ್ ರಾಜ." ಒಂದೂ ತಪ್ಪಲಿಲ್ಲ. ಅವರ ಮುಖ ಬೆಳಗುತ್ತಿತ್ತು. "ಆಟೀನ್ ಎಕ್ಕ..."

ಬೆರಳು ನಿಂತಿತು.

"ಏನಾಯ್ತು?"

ಅವರು ಎಲೆಯ ಮೂಲೆಯನ್ನು ಬಿಟ್ಟು, ಉದ್ದನೆಯ ಅಂಚನ್ನು ಸವರಿದರು. ಮತ್ತೆ ಸವರಿದರು. ಅವಸರದಿಂದ ಕಟ್ಟಿನೊಳಗೆ ಹುಡುಕಿ ಇನ್ನೊಂದು ಎಕ್ಕ ತೆಗೆದರು, ಮತ್ತೊಂದು, ಕೊನೆಯದು. ಉಳಿದ ಎಲೆಗಳ ಅಂಚನ್ನೂ ಸವರಿ ನೋಡಿದರು.

"ತಾಯಿ, ಮೂಲೇಲಿರೋದು ನನ್ನ ಸೂಜಿ. ಇದು ನನ್ನದಲ್ಲ." ಅವಳ ಬೆರಳನ್ನು ಹಿಡಿದು ಅಂಚಿನ ನಡುಮಧ್ಯಕ್ಕೆ ಮುಟ್ಟಿಸಿದರು. ಒಂದು ಸಣ್ಣ ಕಚ್ಚು, ಉಗುರಿನಿಂದ ಒತ್ತಿದ್ದು. ಹುಡುಕಿ ಹೋಗದ ಬೆರಳಿಗೆ ಸಿಗುವಂಥದ್ದಲ್ಲ. "ನಾಲ್ಕು ಎಕ್ಕಕ್ಕೂ ಇದೆ. ಬೇರೆ ಯಾವುದಕ್ಕೂ ಇಲ್ಲ."

"ನಿಮಗೆ ಇಷ್ಟು ದಿನ ಗೊತ್ತಾಗಲಿಲ್ವಾ?"

"ನನ್ನ ಬೆರಳು ಮೂಲೆ ಬಿಟ್ಟು ಕದಲಿಲ್ಲ. ಎರಡೆರಡೇ ಎಲೆ ಕೈಗೆ ಬರ್ತಿತ್ತು. ಇದು ಕಟ್ಟು ಕೈಯಲ್ಲಿ ಹಿಡಿದಿರೋನಿಗೆ ಬೇಕಾದ ಗುರುತು." ಅವರು ದನಿ ಇನ್ನೂ ತಗ್ಗಿಸಿದರು. "ಹಂಚೋನಿಗೆ."

ಹಂಚುತ್ತಿದ್ದವರು ಇಬ್ಬರೇ.

ಬಾಗಿಲ ಬಳಿ ನಗು ಕೇಳಿಸಿತು. ದಫೇದಾರಮ್ಮ ಎಲೆಗಳನ್ನೆಲ್ಲ ಕೂಡಿಸಿ ಮೇಜಿನ ಮೇಲಿಟ್ಟು, ತುಟಿಯ ಮೇಲೆ ಬೆರಳಿಟ್ಟಳು. ಅದು ಅವರಿಗೆ ಕಾಣುವುದಿಲ್ಲ ಎಂದು ಹೊಳೆದು, ಅವರ ಮಣಿಕಟ್ಟನ್ನು ಮೆಲ್ಲಗೆ ಒತ್ತಿದಳು.

ದರ್ಜಿ ಒಳಗೆ ಬಂದ. ವಾರವಿಡೀ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. ಗಡಿಯಾರದಣ್ಣ ಎದ್ದು, ತಡವರಿಸಿ, ಅವನ ಎರಡೂ ಕೈ ಹಿಡಿದು ತಪ್ಪೊಪ್ಪಿಕೊಂಡರು. "ಅಯ್ಯೋ ಬಿಡಿ ಅಣ್ಣಾ, ಹೇಳಿದ್ರೆ ನಾನೇ ನೀಟಾಗಿ ಚುಚ್ಚಿ ಕೊಡ್ತಿದ್ದೆ" ಎಂದು ಅವನು ನಕ್ಕ. ಕಣ್ಣಲ್ಲಿ ನೀರಿತ್ತು. ಹಿಂದೆಯೇ ಅವನ ಹೆಂಡತಿ ಬಂದು, ಅಣ್ಣನ ಕಪಾಟಿನಿಂದ ಮೆತ್ತನೆಯ ಬ್ರೆಡ್ಡೊಂದನ್ನು ಕೇಳದೆಯೇ ತೆಗೆದುಕೊಂಡು ಮುರಿದಳು. ಕೋಣೆಯ ತುಂಬ ಬಿಸಿಲು, ಮಾತು.

"ಅಕ್ಕ, ನೀನು ಪೋಕರ್ ಆಡ್ತೀಯಂತೆ!" ಎಂದ ತಮ್ಮ, ಅವಳ ಪಕ್ಕಕ್ಕೆ ಕೂರುತ್ತ.

"ಕಲೀತಿದ್ದೀನಿ," ಎಂದಳು ದಫೇದಾರಮ್ಮ. ಅವಳ ಕಣ್ಣು ನಾಲ್ಕು ಕೈಗಳ ಮೇಲಿತ್ತು. ಎರಡು ಹಿಟ್ಟು ನಾದಿ ನಾದಿ ಒರಟಾದವು, ಎರಡು ನೂಲು ಸುತ್ತಿ ಸುತ್ತಿ ಗೆರೆಬಿದ್ದವು.

ಬೇಕರಿಯವನು ಮೇಜಿನ ಮೇಲಿದ್ದ ಕಟ್ಟನ್ನು ಎತ್ತಿಕೊಂಡ. ಅದನ್ನು ಕೈಯಲ್ಲೇ ಒಮ್ಮೆ ತಿರುಗಿಸಿದ. ಅವನ ಹೆಬ್ಬೆರಳಿನ ಉಗುರು ಕಟ್ಟಿನ ಉದ್ದನೆಯ ಅಂಚಿನ ಮೇಲೆ, ನಡುಮಧ್ಯದಲ್ಲಿ, ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬಂತು.

"ಅವತ್ತು ಹಂಚೋ ಸರದಿ ನಿಂದಾಗಿತ್ತು ಭಾವ," ಎಂದ ಮೆಲ್ಲಗೆ. "ನಾನು ಕಿತ್ಕೊಂಡೆ. ತಗೋ."

ದರ್ಜಿ ಕೈ ಚಾಚಿದ. ಕಟ್ಟು ಒಬ್ಬನ ಅಂಗೈಯಿಂದ ಇನ್ನೊಬ್ಬನ ಅಂಗೈಗೆ ಸದ್ದಿಲ್ಲದೆ ದಾಟಿತು. ಒಂದು ಉಗುರು ಎದ್ದ ಜಾಗದಲ್ಲೇ, ಎಕ್ಕಗಳಿಗೆ ಕಚ್ಚು ಬಿದ್ದ ಅದೇ ನಡುಮಧ್ಯದಲ್ಲಿ, ಇನ್ನೊಂದು ಉಗುರು ಬಂದು ಕೂತಿತು.